ಗಯಟೆಯ ಪ್ರವಾಸಗ್ರಂಥದಲ್ಲಿ ಫ್ಲಾರೆನ್ಸ್ ನಗರ

ಜರ್ಮನಿಯ ಮಹಾಕವಿಯಾದ ಗಯಟೆಯ ‘ಇಟಲಿಯ ಪ್ರವಾಸ’ವೆಂಬ ಗ್ರಂಥವನ್ನು ಮೊದಲಿನಿಂದ ಓದುತ್ತ ಬಂದವರಿಗೆ ಅದರ ಪ್ರಥಮಭಾಗದಲ್ಲಿ ಒಂದೆಡೆ ಕಾಲೆಡವಿದಂತಾಗುವುದು. ವೆರೋನದ ಪ್ರಾಚೀನ ರಂಗಮಂಡಲ, ವಿಚೆಂಜದಲ್ಲಿ ಪಲ್ಲಾಡಿಯೋ ಎಂಬ ಸ್ಥಪತಿಯು ಕಟ್ಟಿದ ಭವನಗಳು, ಪಾದುವದ ಸಸ್ಯೋದ್ಯಾನದ ತಾಳೆಮರ, ವೆನಿಸ್ಸಿನ ಜಲಮಾರ್ಗಗಳು, ಬೊಲೋನ್ಯದಲ್ಲಿ ರಾಫೆಲನ ಚಿತ್ರ, ಹೀಗೆ ಒಂದೊಂದನ್ನೂ ಕಣ್ಣುತುಂಬ ನೋಡಿ ಮನದಣಿಯೆ ವರ್ಣಿಸುತ್ತ ನಡೆದ ಕವಿಯು, ಇಟಲಿಯ ಕಲೆಗೆಲ್ಲ ತೌರುಮನೆಯೆನಿಸಿದ ಫ್ಲಾರೆನ್ಸ್ ನಗರವು ಬರುತ್ತಲೆ ಕೆಲವೇ ಪಂಕ್ತಿಗಳಲ್ಲಿ ಅದನ್ನು ದಾಟಿಬಿಡುವನು. ನಗರದೊಳಗೆ ಅವಸರದಿಂದ ಓಡಾಡಿದುದು, ಪ್ರಧಾನ ದೇವಾಲಯವನ್ನೂ ಅದರ ಇದಿರಿನ ದೀಕ್ಷಾಸ್ನಾನಮಂದಿರವನ್ನೂ ನೋಡಿದುದು, ತಾನು ಅರಿಯದ ಹೊಸದೊಂದು ಲೋಕವು ಕಣ್ಣೆದುರಿಗೆ ತೆರೆದುಕೊಂಡರೂ ಅಲ್ಲಿ ನಿಲ್ಲಲು ಮನಸ್ಸಿಲ್ಲದಿದ್ದುದು, ಬೊಬೊಲಿ ಎಂಬ ಉದ್ಯಾನದ ಸನ್ನಿವೇಶವು ರಮಣೀಯವಾಗಿ ಕಂಡುದು, ಬಂದಷ್ಟೇ ವೇಗದಿಂದ ಹೊರಟುಹೋದುದು: ಇಷ್ಟೇ ವೃತ್ತಾಂತ. ಆಮೇಲೆ ರೋಮಾಪುರಿಯಿಂದ ಬರೆದ ಕಾಗದದಲ್ಲಿ, ಫ್ಲಾರೆನ್ಸಿನಲ್ಲಿ ತಾನು ತಂಗಿದುದು ಮೂರು ಗಂಟೆ ಮಾತ್ರವೆಂದು ಅವನೇ ಒಪ್ಪಿಕೊಂಡಿರುವನು. ಪಂಚಾಂಗದ ಲೆಕ್ಕದಲ್ಲಿ ಏಳೂವರೆ ಗಳಿಗೆ.

ಕನ್ನಡಿಗರ ಮನೆಗಳಲ್ಲಿ ಗಯಟೆಯ ಹೆಸರು ಅಪರಿಚಿತವಾದುದಲ್ಲ. ವಿಲಿಯಂ ಜೋನ್ಸನು 1789ರಲ್ಲಿ ಪ್ರಕಟಿಸಿದ ಶಾಕುಂತಲದ ಇಂಗ್ಲಿಷ್ ಅನುವಾದವನ್ನು ಫಾರ್ಸ್ಟರನು ಜರ್ಮನ್ ಭಾಷೆಗೆ ತಿರುಗಿಸಲು, ಅದನ್ನು 1791ರಲ್ಲಿ ಓದಿ ತಲೆದೂಗಿದ ಕವಿಯೆಂದು ಅವನನ್ನು ಎಲ್ಲರೂ ಬಲ್ಲರು. ಆದರೆ ಕಾಳಿದಾಸನನ್ನು ಹೊಗಳಿದ ಆ ಒಂದು ಮಾತಿಗಾಗಿ ಸಭೆಸಭೆಗಳಲ್ಲಿ ಅವನನ್ನು ಸ್ಮರಿಸುವವರಲ್ಲಿ ಅವನ ಗ್ರಂಥಗಳನ್ನು ತೆರೆದು ನೋಡಿದವರು ವಿರಳ. ಈ ಪ್ರವಾಸಗ್ರಂಥಕ್ಕೆ 1962ರಲ್ಲಿ ಆಡೆನ್ ಕವಿಯೂ ಎಲಿಜಬೆತ್ ಮೇಯರ್ ಎಂಬಾಕೆಯೂ ಕೂಡಿ ಮಾಡಿದ ಇಂಗ್ಲಿಷ್ ಅನುವಾದವು ಇರುವುದರಿಂದ, ಜರ್ಮನ್ ಬಾರದೆಂಬ ನೆಪಕ್ಕೆ ಈಗ ಎಡೆಯಿಲ್ಲ.

ಪ್ರವಾಸದ ಹಿನ್ನೆಲೆಯನ್ನು ಸಂಕ್ಷೇಪವಾಗಿ ತಿಳಿಯತಕ್ಕದ್ದು. ಗಯಟೆಯು ವೈಮಾರ್ ಸಂಸ್ಥಾನದಲ್ಲಿ ಮಂತ್ರಿಪದವಿಯಲ್ಲಿದ್ದನು. ಅವನಿಗಾಗ ಮೂವತ್ತೇಳು ವರ್ಷ. 1786ನೆಯ ಇಸವಿ ಸೆಪ್ಟೆಂಬರ್ 3ನೆಯ ತಾರೀಖು ಬೆಳಗಿನ ಝಾವ ಮೂರು ಗಂಟೆಗೆ ಕಾರ್ಲ್ಸ್‌ಬಾಡಿನಿಂದ ಯಾರಿಗೂ ಹೇಳದೆ ಗಾಡಿ ಹತ್ತಿ, ಮೋಲರ್ ಎಂಬ ಕಳ್ಳಹೆಸರಿನಿಂದ ದಕ್ಷಿಣಾಭಿಮುಖವಾಗಿ ಹೊರಟನು. ಅಕ್ಟೋಬರ್ 23ರಂದು ಫ್ಲಾರೆನ್ಸ್. ಅದೇ ತಿಂಗಳು 29ರಂದು ರೋಮ್. ಅವನ ತಂದೆಯು 1740ರಲ್ಲಿ ಇಟಲಿಯನ್ನು ಸುತ್ತಿಬಂದು, ರೋಮ್ ನಗರದ ಚಿತ್ರಪಟಗಳನ್ನು ಫ್ರಾಂಕ್‌ಫರ್ಟಿನ ತನ್ನ ಮನೆಯಲ್ಲಿ ತೂಗುಹಾಕಿದ್ದನು. ಎಳೆಯ ಹುಡುಗನು ದಿನವೂ ಅವುಗಳ ಕೆಳಗೆ ಆಡಿ ಬೆಳೆದನು. ರೋಮನ್ನು ನೋಡಬೇಕೆಂಬ ಹಂಬಲವು ಅವನಿಗೆ ಆ ಕಾಲದಿಂದಲೂ ಇದ್ದಿತು.

ಈಗ ಆಕ್ಷೇಪವನ್ನು ಅದರ ಪೂರ್ಣಬಲದೊಡನೆ ಮುಂದಿಡುವುದು ನ್ಯಾಯ. ಪೂರ್ವಪಕ್ಷವನ್ನು ಬಡವಾಗಿಸಿ ಸಿದ್ಧಾಂತವನ್ನು ಗೆಲ್ಲಿಸುವುದು ಪಂಡಿತರ ಲಕ್ಷಣವಲ್ಲ. ಆ ಅಕ್ಟೋಬರ್ ದಿನದಲ್ಲಿ ಫ್ಲಾರೆನ್ಸಿನಲ್ಲಿ ಏನೇನಿದ್ದಿತು? ಬ್ರುನೆಲ್ಲೆಸ್ಕಿಯು 1420ರಿಂದ 1436ರ ವರೆಗೆ ಕಟ್ಟಿದ ಮಹಾಗುಮ್ಮಟವಿದ್ದಿತು. ಸುಮಾರು 45 ಮೀಟರು ಅಗಲದ ಎಂಟುಮೂಲೆಯ ಬಾಯಿಯ ಮೇಲೆ, ನೆಲದಿಂದ ಮರದ ಆಸರೆಯ ಚೌಕಟ್ಟನ್ನು ಎಬ್ಬಿಸದೆ, ಒಂದರೊಳಗೊಂದಾಗಿ ಎರಡು ಚಿಪ್ಪುಗಳನ್ನು ಇಟ್ಟಿಗೆಯಿಂದ ಎತ್ತಿದ ಆ ಕೌಶಲ್ಯವು ಸಾಮಾನ್ಯವಾದುದಲ್ಲ. ಇಟ್ಟಿಗೆಗಳನ್ನು ಸಾಲಾಗಿ ಮಾತ್ರ ಇಡದೆ ನಡುನಡುವೆ ನಿಲುವಾಗಿ ಸಿಕ್ಕಿಸುತ್ತ, ಮೀನಿನ ಮುಳ್ಳಿನಂತೆ ಹೆಣೆಯುತ್ತ ಹೋದುದರಿಂದ, ಗಾರೆ ಒಣಗುವ ಮೊದಲೆ ಒಂದು ಸಾಲನ್ನು ಇನ್ನೊಂದು ಸಾಲು ಹಿಡಿದು ನಿಲ್ಲಿಸುತ್ತಿದ್ದಿತು. ದೀಕ್ಷಾಸ್ನಾನಮಂದಿರಕ್ಕೆ ಗಿಬರ್ಟಿಯು 1425ರಿಂದ 1452ರ ವರೆಗೆ, ಎಂದರೆ ಇಪ್ಪತ್ತೇಳು ವರ್ಷ, ದುಡಿದು ಸಿದ್ಧಪಡಿಸಿದ ಹತ್ತು ಫಲಕಗಳ ಕಂಚಿನ ಕದಗಳಿದ್ದವು. ಮೈಕೆಲೆಂಜಲೊ ಕಡೆದ ದಾವೀದನ ವಿಗ್ರಹವು ಈಗಿನಂತೆ ಸಂಗ್ರಹಾಲಯದೊಳಗೆ ಸೇರಿರಲಿಲ್ಲ. 1873ರ ವರೆಗೂ ಅದು ನಗರದ ಚೌಕದಲ್ಲಿ ಬಯಲಿನಲ್ಲೇ ನಿಂತಿದ್ದಿತು. ಉಫಿಜಿ ಚಿತ್ರಶಾಲೆಯು 1769ರಿಂದಲೇ ಸಾರ್ವಜನಿಕರಿಗೆ ತೆರೆದಿದ್ದಿತು. ಸಾಂತಾ ಕ್ರೋಚೆ ದೇವಾಲಯದಲ್ಲಿ ಮೈಕೆಲೆಂಜಲೊ, ಗೆಲಿಲಿಯೊ ಮೊದಲಾದವರ ಸಮಾಧಿಗಳಿದ್ದವು. ಇಷ್ಟೂ ಇದ್ದ ಊರಿನಲ್ಲಿ ಯೂರೋಪಿನ ಅತ್ಯಂತ ಕುತೂಹಲಶೀಲನಾದ ಮನುಷ್ಯನು ಮೂರು ಗಂಟೆ ನಿಂತು ಹೊರಟುಹೋದನೆಂದರೆ, ಅವನ ರಸಿಕತೆಯಲ್ಲೇ ಶಂಕೆ ಹುಟ್ಟುವುದಿಲ್ಲವೆ?

ಕೆಲವರು ಇದಕ್ಕೆ ಕಾಲಧರ್ಮವನ್ನು ಉತ್ತರವಾಗಿ ಹೇಳುವರು. ಗಯಟೆಯ ಕಾಲದ ಅಭಿರುಚಿಯು ಗ್ರೀಕ್ ಮತ್ತು ರೋಮನ್ ಪ್ರಾಚೀನ ಶಿಲ್ಪದ ಕಡೆಗೆ ಒಲಿದುದು. ವಿಂಕೆಲ್ಮನ್ ಎಂಬ ಪಂಡಿತನು ಹಾಕಿಕೊಟ್ಟ ಮೇಲ್ಪಂಕ್ತಿ ಅದು. ಜಿಯೊಟ್ಟೊ ಮೊದಲಾದ ಹಿಂದಿನ ಚಿತ್ರಕಾರರನ್ನು ಆ ಪೀಳಿಗೆಯು ಒರಟರೆಂದು ಬದಿಗಿಟ್ಟಿತ್ತು. ಬೊಟಿಚೆಲ್ಲಿಯ ಹೆಸರನ್ನು ಕೇಳುವವರೇ ಆಗ ಕಡಮೆ. ಆದಕಾರಣ ಫ್ಲಾರೆನ್ಸ್ ಅವನಿಗೆ ಹಿಡಿಸಲಿಲ್ಲ, ಎಂದು. ಈ ಸಮಾಧಾನವು ಅರ್ಧಮಾತ್ರ ಸಲ್ಲುವುದು. ಏಕೆಂದರೆ ಆ ಕಾಲದವರು ತಲೆಯ ಮೇಲೆ ಹೊತ್ತು ಮೆರೆಯಿಸುತ್ತಿದ್ದ ಪ್ರಾಚೀನ ವೀನಸ್ ವಿಗ್ರಹವು, ಮೆದಿಚಿ ವಂಶದ ಹೆಸರಿನಿಂದ ಪ್ರಸಿದ್ಧವಾದುದು, ಇದ್ದುದು ಆ ಉಫಿಜಿಯಲ್ಲೇ. ಅದನ್ನು ನೋಡಲೆಂದೇ ಇಂಗ್ಲಿಷ್ ಶ್ರೀಮಂತರು ಹಿಂಡುಹಿಂಡಾಗಿ ಬರುತ್ತಿದ್ದರು. ಅವಳಿಗೂ ಗಯಟೆಯು ಆ ದಿನ ದರ್ಶನ ಕೊಡಲಿಲ್ಲ. ತನಗೆ ಬೇಡವಾದುದನ್ನು ಬಿಟ್ಟುಹೋದವನನ್ನು ಕಾಲಧರ್ಮದಿಂದ ಕ್ಷಮಿಸಬಹುದು. ಬೇಕಾದುದನ್ನೇ ಬಿಟ್ಟುಹೋದವನಿಗೆ ಬೇರೆ ಕಾರಣವನ್ನು ಹುಡುಕಬೇಕು.

ಆ ಕಾರಣವು ಅವನ ದಿನಚರಿಯಲ್ಲಿ ದೊರೆಯುವುದು. ಪ್ರವಾಸಕಾಲದಲ್ಲಿ ಶಾರ್ಲಟ್ ಫಾನ್ ಸ್ಟೈನ್ ಎಂಬ ಮಹನೀಯಳಿಗಾಗಿ ಅವನು ಬರೆದಿಟ್ಟ ಈ ದಿನಚರಿಯು ಕವಿಯ ಕಾಲಾನಂತರ 1886ರಲ್ಲಿ ಅಚ್ಚಾಯಿತು. ಬೊಲೋನ್ಯದಲ್ಲಿರುವಾಗಲೆ ಅವನು ಅದರಲ್ಲಿ ಒಂದು ನಿಶ್ಚಯವನ್ನು ಗುರುತುಮಾಡಿರುವನು: ಫ್ಲಾರೆನ್ಸನ್ನು ಹಾದುಹೋಗುವುದಷ್ಟೆ, ನೇರವಾಗಿ ರೋಮ್ ಸೇರುವುದು. ಆ ನಿಶ್ಚಯದಿಂದ ಮನಸ್ಸಿಗೆ ನೆಮ್ಮದಿಯಾಯಿತೆಂದೂ ಹೇಳಿಕೊಂಡಿರುವನು. ಆದುದರಿಂದ ಫ್ಲಾರೆನ್ಸಿನ ಮೂರು ಗಂಟೆಯು ಅಕಸ್ಮಾತ್ತಾಗಿ ಒದಗಿದ ಅವಸರವಲ್ಲ, ಅಜ್ಞಾನದ ಫಲವೂ ಅಲ್ಲ, ಮೊದಲೇ ಸಂಕಲ್ಪಿಸಿದುದು.

ಅಲಂಕಾರಶಾಸ್ತ್ರವನ್ನು ಬಲ್ಲವರಿಗೆ ಇಲ್ಲಿ ಮಮ್ಮಟನ ನೆನಪು ಬರುವುದು ಸಹಜ. ರಸದೋಷಗಳನ್ನು ಎಣಿಸುವಾಗ ಅವನು ಎರಡನ್ನು ಬೇರೆಬೇರೆಯಾಗಿ ಹೇಳಿರುವನು. ಅಂಗವಾದುದನ್ನು ಮಿತಿಮೀರಿ ಬೆಳೆಸುವುದು ಒಂದು. ಅದಕ್ಕೆ ಹಯಗ್ರೀವವಧದಲ್ಲಿ ಹಯಗ್ರೀವನ ವರ್ಣನೆಯು ಉದಾಹರಣೆ. ಅಂಗಿಯಾದುದನ್ನು ನಡುವೆ ಮರೆತುಬಿಡುವುದು ಇನ್ನೊಂದು. ಅದಕ್ಕೆ ರತ್ನಾವಳಿಯ ನಾಲ್ಕನೆಯ ಅಂಕದಲ್ಲಿ ಬಾಭ್ರವ್ಯನು ಬಂದಾಗ ಸಾಗರಿಕೆಯು ವಿಸ್ಮೃತಳಾಗುವುದು ಉದಾಹರಣೆ. ಗಯಟೆಯ ಗ್ರಂಥದ ಈ ಭಾಗದಲ್ಲಿ ಅಂಗಿಯು ರೋಮ್; ಉಳಿದ ಊರುಗಳೆಲ್ಲ ಅಂಗಗಳು. ಆಲ್ಪ್ಸ್ ಪರ್ವತವನ್ನು ದಾಟಿದಂದಿನಿಂದ ಅವನ ಪುಟಗಳಲ್ಲಿ ಉತ್ಕಂಠೆಯು ಸ್ವಲ್ಪಸ್ವಲ್ಪವಾಗಿ ಏರುತ್ತ ಬರುವುದು. ಕಡೆಯ ವಾರದಲ್ಲಿ, ಸರ್ವಸಂತರ ಹಬ್ಬದ ದಿನಕ್ಕೆ ಸರಿಯಾಗಿ ರೋಮಿನಲ್ಲಿರಬೇಕೆಂಬ ಆತುರವೂ ಅದಕ್ಕೆ ಕೂಡಿತು. ಅಂತಹ ವೇಳೆಯಲ್ಲಿ ಗುಮ್ಮಟದ ಇಟ್ಟಿಗೆಗಳನ್ನೂ ಕದದ ಫಲಕಗಳನ್ನೂ ಎಣಿಸುತ್ತ ಕುಳಿತಿದ್ದರೆ ಗ್ರಂಥಕ್ಕೆ ಹಯಗ್ರೀವದೋಷವು ತಪ್ಪುತ್ತಿರಲಿಲ್ಲ.

ಆದರೆ ಇದನ್ನು ಕೇಳಿ ಕಾಳಿದಾಸನ ವಿದ್ಯಾರ್ಥಿಯು ಸುಮ್ಮನಿರಲಾರನು. ಮೇಘದೂತದಲ್ಲಿಯೂ ಅವಸರವುಂಟು, ಅಲ್ಲಿಯೂ ಮಾರ್ಗಮಧ್ಯದಲ್ಲಿ ಒಂದು ಮಹಾನಗರವುಂಟು. ರಾಮಗಿರಿಯ ಯಕ್ಷನಿಗೆ ಪ್ರಿಯೆಯ ಪ್ರಾಣದ ಚಿಂತೆ. ಹೀಗಿದ್ದರೂ ಅವನು ಮೇಘಕ್ಕೆ ದಾರಿ ಸುತ್ತಾದರೂ ಚಿಂತೆಯಿಲ್ಲ, ಉಜ್ಜಯಿನಿಯನ್ನು ತಪ್ಪಿಸಬೇಡವೆಂದು ಹೇಳುವನು. ಮಹಾಕಾಲನ ಸನ್ನಿಧಿಗೆ ಹೊತ್ತಿಗೆ ಮುಂಚೆ ಹೋದರೂ ಸೂರ್ಯನು ಮುಳುಗುವ ವರೆಗೆ ಕಾದಿರಬೇಕು. ಸಂಧ್ಯಾಪೂಜೆಯ ಹೊತ್ತಿನಲ್ಲಿ ತನ್ನ ಗುಡುಗನ್ನೇ ನಗಾರಿಯಾಗಿ ಒಪ್ಪಿಸಬೇಕು. ಕತ್ತಲೆಯಲ್ಲಿ ನಡೆವ ಅಭಿಸಾರಿಕೆಯರಿಗೆ ಮಿಂಚಿನಿಂದ ದಾರಿ ತೋರಬೇಕು, ಗುಡುಗಿ ಬೆದರಿಸಬಾರದು. ಪಾರಿವಾಳಗಳು ಮಲಗಿದ ಯಾವುದಾದರೊಂದು ಮಾಳಿಗೆಯ ಮೇಲೆ ಆ ರಾತ್ರಿಯನ್ನು ಕಳೆದು, ಸೂರ್ಯೋದಯವಾಗುತ್ತಲೆ ಹೊರಡಬೇಕು. ಒಂದೇ ರಾತ್ರಿಯ ತಂಗು. ಮೇಘವು ಅಲ್ಲಿ ಕಾಣುವುದೂ ಮಾಡುವುದೂ ಎಷ್ಟೊಂದು! ಇದನ್ನು ಅಂಗದ ಅತಿವಿಸ್ತಾರವೆಂದು ಯಾವ ವ್ಯಾಖ್ಯಾನಕಾರನೂ ದೂಷಿಸಿದಂತಿಲ್ಲ. ದೂಷಿಸುವಂತೆಯೂ ಇಲ್ಲ, ಏಕೆಂದರೆ ವಿರಹಿಯಾದ ಯಕ್ಷನ ಮನಸ್ಸೇ ಉಜ್ಜಯಿನಿಯ ಆ ಮಾಳಿಗೆಗಳ ಮೇಲೂ ಕುಳಿತಿರುವುದು. ಅಲ್ಲಿ ಕಾಣುವ ಹೆಂಗಸರಲ್ಲಿ ಅವನು ತನ್ನವಳನ್ನೇ ಕಾಣುವನು. ನಗರವು ಕಾವ್ಯದ ದಾರಿಯನ್ನು ತಪ್ಪಿಸದೆ ಅದರ ಕರುಳಿಗೇ ಸೇರಿಹೋಗಿರುವುದು. ಆ ಮೇಘದೂತವನ್ನು ವಿಲ್ಸನ್ನನ 1813ರ ಇಂಗ್ಲಿಷ್ ಅನುವಾದವು ಯೂರೋಪಿಗೆ ಪರಿಚಯಿಸಿದ ಬಳಿಕ ಗಯಟೆಯೂ ಅದನ್ನು ಮೆಚ್ಚಿ ಹೊಗಳಿದನು. ಆ ಮೆಚ್ಚಿಕೆಯ ಹೊತ್ತಿನಲ್ಲಿ ತನ್ನ ಫ್ಲಾರೆನ್ಸ್ ಅವನ ನೆನಪಿಗೆ ಬಂದಿತೊ ಇಲ್ಲವೊ, ಊಹೆಗೆ ಬಿಟ್ಟ ಮಾತು.

ಹೀಗಿರಲು, ಔಚಿತ್ಯದ ದೃಷ್ಟಿಯಿಂದ ಗಯಟೆಯನ್ನು ಸಮರ್ಥಿಸಬಹುದಾದರೂ, ಅವನಿಗಿಂತ ಮೇಲಾದ ದಾರಿಯೊಂದು ಸಾಧ್ಯವಿದ್ದಿತೆಂಬುದನ್ನು ಒಪ್ಪಲೇಬೇಕು. ಕಾಳಿದಾಸನು ನಿಂತೂ ಓಡಿದನು. ಗಯಟೆಗೆ ಓಡುವಾಗ ನಿಲ್ಲಲು ಬರಲಿಲ್ಲ.

ಇನ್ನೊಂದು ಪ್ರಶ್ನೆಯನ್ನು ಸೂಕ್ಷ್ಮಬುದ್ಧಿಯ ವಾಚಕರು ಎತ್ತುವರು. ಅಷ್ಟೊಂದು ಅವಸರವಿದ್ದವನು ಫ್ಲಾರೆನ್ಸಿನ ಆಚೆಗೆ ಅರೆಜೊ ಸೀಮೆಯ ನೇಗಿಲನ್ನು ಅಷ್ಟು ವಿಸ್ತಾರವಾಗಿ ಏಕೆ ವರ್ಣಿಸಿದನು? ಆ ನೇಗಿಲಿಗೆ ಚಕ್ರವಿಲ್ಲ, ಗುಳವನ್ನು ಅತ್ತಿತ್ತ ತಿರುಗಿಸುವಂತಿಲ್ಲ, ರೈತನು ಎತ್ತುಗಳ ಹಿಂದೆ ಬೆನ್ನು ಬಾಗಿಸಿ ಅದನ್ನು ಎಳೆದುಕೊಂಡು ನಡೆಯುವನು, ಇತ್ಯಾದಿ. ಜೊತೆಯಲ್ಲಿ ಗಾಡಿಯಲ್ಲಿದ್ದ, ಪೋಪರ ಸೈನ್ಯದ ಅಧಿಕಾರಿಯೊಬ್ಬನ ಹರಟೆಗೂ ಪುಟಗಳು ದೊರೆತಿವೆ. ಪ್ರಷ್ಯದ ಫ್ರೆಡರಿಕ್ ದೊರೆಯು ಗುಟ್ಟಾಗಿ ಕೆಥೊಲಿಕ್ ಮತದವನೆಂದು ಆತನು ನಂಬಿದ್ದನಂತೆ! ನೇಗಿಲಿಗೂ ಹರಟೆಗೂ ಎಡೆಯಿದ್ದು, ಬ್ರುನೆಲ್ಲೆಸ್ಕಿಯ ಗುಮ್ಮಟಕ್ಕೆ ಇಲ್ಲದೆ ಹೋಯಿತೆ?

ಉತ್ತರವು ಗ್ರಂಥದ ಸತ್ಯನಿಷ್ಠೆಯಲ್ಲಿರುವುದು. ನೇಗಿಲನ್ನು ಅವನು ಗಾಡಿಯಿಂದ ಗಂಟೆಗಟ್ಟಲೆ ಕಂಡನು. ಅಧಿಕಾರಿಯ ಮಾತನ್ನು ದಿನಗಟ್ಟಲೆ ಕೇಳಿದನು. ಗುಮ್ಮಟವನ್ನು ಕಂಡುದು ಕ್ಷಣಕಾಲ. ಕಂಡುದಕ್ಕೆ ತಕ್ಕಷ್ಟು ಬರೆದನು. ಈ ಗುಣದ ಬೆಲೆಯನ್ನು ತಿಳಿಯಬೇಕಾದರೆ ಒಂದು ಸಂಗತಿಯನ್ನು ಗಮನಿಸತಕ್ಕದ್ದು. ‘ಇಟಲಿಯ ಪ್ರವಾಸ’ದ ಪ್ರಥಮಭಾಗವು ಅಚ್ಚಾದುದು 1816ರಲ್ಲಿ, ಎರಡನೆಯದು 1817ರಲ್ಲಿ, ಮೂರನೆಯದು 1829ರಲ್ಲಿ. ಮೂವತ್ತು ವರ್ಷಗಳ ಬಳಿಕ, ಹಳೆಯ ಕಾಗದಗಳನ್ನೂ ದಿನಚರಿಯನ್ನೂ ಮುಂದಿಟ್ಟುಕೊಂಡು, ವೃದ್ಧಾಪ್ಯದ ಹೊಸ್ತಿಲಲ್ಲಿ ಕವಿಯು ಅದನ್ನು ರಚಿಸಿದನು. ಅಷ್ಟರೊಳಗೆ ಅವನು ಫ್ಲಾರೆನ್ಸನ್ನು ಇನ್ನೊಮ್ಮೆ ಸಾವಕಾಶವಾಗಿ ನೋಡಿಯಾಗಿದ್ದಿತು. ಆ ನಗರದ ವಿಷಯವಾಗಿ ಗ್ರಂಥಗಳೂ ಪಟಗಳೂ ಅವನಿಗೆ ದುರ್ಲಭವಾಗಿರಲಿಲ್ಲ. ಹತ್ತು ಪುಟಗಳನ್ನು ತುಂಬಿಸಿ ಅಕ್ಟೋಬರ್ 23ರ ಕೆಳಗೆ ಸೇರಿಸಿದ್ದರೆ ಹಿಡಿಯುವವರು ಯಾರು? ಬೇರೆಡೆಗಳಲ್ಲಿ ಅವನು ದಿನಚರಿಯನ್ನು ತಿದ್ದಿಲ್ಲವೆಂದಲ್ಲ; ತಿದ್ದಿರುವನು, ಒಪ್ಪವಿಟ್ಟಿರುವನು. ಆದರೆ ಈ ಬರಿದಾದ ಜಾಗವನ್ನು ಬರಿದಾಗಿಯೇ ಬಿಟ್ಟನು. ಮೂರು ಗಂಟೆಯು ಮೂರು ಗಂಟೆಯಾಗಿಯೇ ಉಳಿಯಿತು.

ಇದಕ್ಕೆ ಇದಿರಾಗಿ ಫ್ರೆಂಚ್ ಕಾದಂಬರಿಕಾರನಾದ ಸ್ತಾಂದಾಲನ ‘ರೋಮ್, ನೇಪಲ್ಸ್ ಮತ್ತು ಫ್ಲಾರೆನ್ಸ್’ ಗ್ರಂಥವನ್ನು ಇಡಬಹುದು. 1817ರಲ್ಲಿ ಮೊದಲು ಪ್ರಕಟವಾಗಿ 1826ರಲ್ಲಿ ಬಹಳವಾಗಿ ಹಿಗ್ಗಿಸಲ್ಪಟ್ಟ ಗ್ರಂಥವಿದು. ಸಾಂತಾ ಕ್ರೋಚೆ ದೇವಾಲಯದಲ್ಲಿ ಮಹಾಪುರುಷರ ಸಮಾಧಿಗಳನ್ನು ಕಂಡು, ಗೋಡೆಯ ಮೇಲಿನ ಚಿತ್ರಗಳನ್ನು ತಲೆಯೆತ್ತಿ ನೋಡುತ್ತ ಕುಳಿತು, ಹೊರಬರುವಾಗ ಎದೆ ಡವಗುಟ್ಟಿ, ಜೀವವೇ ಬತ್ತಿದಂತಾಗಿ, ಬಿದ್ದೇನೆಂಬ ಭಯದಿಂದ ಹೆಜ್ಜೆಯಿಟ್ಟನೆಂದು ಅವನು ಬರೆದಿರುವನು. ಚೌಕದ ಕಲ್ಲುಬೆಂಚಿನ ಮೇಲೆ ಕುಳಿತು, ಆ ಸಮಾಧಿಗಳನ್ನೇ ಕುರಿತು ಫೊಸ್ಕೊಲೊ ಎಂಬ ಕವಿಯು ರಚಿಸಿದ ಪದ್ಯಗಳನ್ನು ಓದಿ ಸುಧಾರಿಸಿಕೊಂಡನಂತೆ. ವರ್ಣನೆಯು ಅತ್ಯಂತ ಮನೋಹರವಾದುದು. ಗಯಟೆಯ ಒಣ ಪಂಕ್ತಿಗಳ ಪಕ್ಕದಲ್ಲಿ ಇದನ್ನಿಟ್ಟರೆ ಮೆಚ್ಚಿಕೆಯೆಲ್ಲ ಫ್ರೆಂಚನಿಗೇ ಸಲ್ಲುವುದು. ಫ್ಲಾರೆನ್ಸಿನಲ್ಲೇ ವೈದ್ಯೆಯಾಗಿದ್ದ ಗ್ರಾಜಿಯೆಲ್ಲ ಮಗೆರೀನಿ ಎಂಬಾಕೆಯು, ಕಲಾದರ್ಶನದಿಂದ ತಲೆಸುತ್ತಿ ಆಸ್ಪತ್ರೆ ಸೇರಿದ ಪ್ರವಾಸಿಗಳ ವಿಷಯವಾಗಿ 1989ರಲ್ಲಿ ಗ್ರಂಥವನ್ನು ಬರೆದು, ಆ ಬೇನೆಗೆ ಸ್ತಾಂದಾಲನ ಹೆಸರನ್ನೇ ಇಟ್ಟುಬಿಟ್ಟಳು! ರಸಾನುಭವವು ರೋಗವಾಗಿ ಪರಿಣಮಿಸುವುದನ್ನು ಭರತಮುನಿಯು ಕಂಡಿರಲಿಲ್ಲ.

ಆದರೆ ಸ್ತಾಂದಾಲನ ತಾರೀಖುಗಳು ನಂಬತಕ್ಕವಲ್ಲವೆಂದು ಪಂಡಿತರು ತೋರಿಸಿರುವರು. ಅವನ ಗ್ರಂಥದಲ್ಲಿ ಪ್ರವಾಸವೂ ಅರ್ಧ ಕಟ್ಟುಕಥೆ. ಅದು ಕಾದಂಬರಿಕಾರನ ಹಕ್ಕು. ಅವನನ್ನು ಓದಿ ಸಂತೋಷಿಸುವುದರಲ್ಲಿ ತಪ್ಪಿಲ್ಲ. ಆದರೆ ಒಂದು ಊರನ್ನು ಕಂಡೆನೆಂದು ಹೇಳುವವನ ಮಾತಿಗೆ ಸಾಕ್ಷಿಯ ಗೌರವವನ್ನು ಕೊಡಬೇಕಾದಾಗ, ಎದೆಯು ಡವಗುಟ್ಟಿದವನಿಗಿಂತ, ನಿಲ್ಲಲಾರದೆ ಹೊರಟೆನೆಂದವನೇ ಹೆಚ್ಚು ವಿಶ್ವಾಸಾರ್ಹನು.

ಈ ವಿವೇಚನೆಯು ಹಳೆಯ ಗ್ರಂಥಗಳಿಗೆ ಮಾತ್ರ ಸಂಬಂಧಿಸಿದುದಲ್ಲ. ಲಿವೊರ್ನೊ ರೇವಿನಲ್ಲಿ ವಿಹಾರನೌಕೆಯಿಂದಿಳಿದು, ಬಸ್ಸಿನಲ್ಲಿ ಫ್ಲಾರೆನ್ಸಿಗೆ ಹೋಗಿ, ಸಂಜೆಯೊಳಗೆ ಹಡಗಿಗೆ ಮರಳುವವರು ಈಗ ಅಸಂಖ್ಯಾತರು. ಅವರಲ್ಲಿ ಕನ್ನಡಿಗರೂ ಉಂಟು; ಹಿಂದಿರುಗಿ ಲೇಖನ ಬರೆಯುವವರೂ ಉಂಟು. ಅಂತಹ ಲೇಖನಗಳಲ್ಲಿ ಗುಮ್ಮಟದ ಎತ್ತರ, ಕದದ ತೂಕ, ಮೆದಿಚಿಗಳ ವಂಶಾವಳಿ ಎಲ್ಲವೂ ಕ್ರಮವಾಗಿ ಇರುವುದು. ಬರೆದವರ ಕಣ್ಣಿಗೆ ಬಿದ್ದುದು ಯಾವುದು, ಕೈಪಿಡಿಯಿಂದ ಬಂದುದು ಯಾವುದು ಎಂಬುದು ಮಾತ್ರ ತಿಳಿಯದು. ರಸ್ಕಿನ್ ಮಹಾಶಯನು 1875ರಿಂದ ಬಿಡಿಬಿಡಿಯಾಗಿ ಪ್ರಕಟಿಸಿದ ‘ಫ್ಲಾರೆನ್ಸಿನ ಪ್ರಾತಃಕಾಲಗಳು’ ಎಂಬ ಪುಸ್ತಿಕೆಗಳಲ್ಲಿ ಪ್ರವಾಸಿಯನ್ನು ಮುಂಜಾನೆ ಎಬ್ಬಿಸಿ, ಇಲ್ಲಿ ನಿಲ್ಲು, ಅದನ್ನು ನೋಡು, ಇದನ್ನು ನೋಡಬೇಡವೆಂದು ಪಾಠಶಾಲೆಯ ಉಪಾಧ್ಯಾಯನಂತೆ ಬೆತ್ತ ಹಿಡಿದು ನಡೆಯಿಸುವನು. ಆ ದರ್ಪವು ಕೆಲವರಿಗೆ ಸಹಿಸದು. ಆದರೂ ಒಂದು ಬೆಳಿಗ್ಗೆಗೆ ಒಂದೇ ಗೋಡೆಯ ಚಿತ್ರವೆಂಬ ಅವನ ಕಟ್ಟುನಿಟ್ಟಿನಲ್ಲಿ ವಿವೇಕವಿದೆ.

ಇಷ್ಟು ಹೇಳಿದ ಮಾತ್ರಕ್ಕೆ ಗಯಟೆಯು ನಿರ್ದೋಷಿಯೆಂದು ತೀರ್ಮಾನವಾಗದು. ‘ವಿಶ್ವಗುಣಾದರ್ಶ’ದಲ್ಲಿ ವಿಮಾನದಲ್ಲಿ ಕುಳಿತು ಊರೂರುಗಳ ಮೇಲೆ ಹಾರುವ ಗಂಧರ್ವರಿಬ್ಬರಲ್ಲಿ ವಿಶ್ವಾವಸುವು ಗುಣವನ್ನೇ ಕಾಣುವವನು, ಕೃಶಾನುವು ದೋಷವನ್ನೇ ಎತ್ತುವವನು. ಈ ವರೆಗೆ ವಿಶ್ವಾವಸುವಿನ ಮಾತಾಯಿತು. ಕೃಶಾನುವಿಗೂ ಸರದಿಯನ್ನು ಕೊಡಬೇಕು.

ಫ್ಲಾರೆನ್ಸಿನ ಆ ಕೆಲವು ಪಂಕ್ತಿಗಳಲ್ಲೇ ಗಯಟೆಯು ಒಂದು ಅಭಿಪ್ರಾಯವನ್ನು ಕೊಟ್ಟಿರುವನು. ನಗರವನ್ನು ಕಟ್ಟಿದ ಪ್ರಜೆಗಳ ಐಶ್ವರ್ಯವು ನಗರವನ್ನು ನೋಡಿದರೆ ತಿಳಿಯುವುದೆಂದೂ, ಒಂದರ ಹಿಂದೊಂದಾಗಿ ಸುಖಕರವಾದ ಆಡಳಿತಗಳನ್ನು ಅದು ಅನುಭವಿಸಿರಬೇಕೆಂದೂ ಅದರ ತಾತ್ಪರ್ಯ. ಮೊದಲನೆಯ ಮಾತು ನಿಜ. ಉಣ್ಣೆಯ ವ್ಯಾಪಾರವೂ ಲೇವಾದೇವಿಯೂ ಆ ಊರನ್ನು ಬೆಳೆಯಿಸಿದುವು. ಎರಡನೆಯದು ಮೂರು ಗಂಟೆಯವನು ಆಡಬಾರದ ಮಾತು. ಯಾವ ಸುಖಕರವಾದ ಆಡಳಿತವು ಡಾಂಟೆಯನ್ನು 1302ರಲ್ಲಿ ದೇಶಭ್ರಷ್ಟನನ್ನಾಗಿ ಮಾಡಿತು? 1478ರಲ್ಲಿ ಪ್ರಧಾನ ದೇವಾಲಯದೊಳಗೇ, ಪೂಜೆಯು ನಡೆಯುತ್ತಿರುವಾಗ, ಮೆದಿಚಿ ಸೋದರರ ಮೇಲೆ ಕತ್ತಿಯೆತ್ತಿ ಒಬ್ಬನನ್ನು ಕೊಂದರಷ್ಟೆ! ಗಯಟೆಯು ಅವಸರದಿಂದ ಹಾದುಬಂದುದು ಆ ನೆಲದ ಮೇಲೆಯೇ. 1498ರಲ್ಲಿ ಸವೊನರೋಲ ಎಂಬ ಯತಿಯನ್ನು ನೇಣುಹಾಕಿ ಸುಟ್ಟುದು ನಗರದ ಚೌಕದಲ್ಲಿ. 1529ರಿಂದ ಮರುವರ್ಷದ ವರೆಗೆ ಶತ್ರುಸೈನ್ಯದ ಮುತ್ತಿಗೆಯಾಗಿ, ಗಣರಾಜ್ಯವು ಅಳಿದು, ಮೆದಿಚಿಗಳು ವಂಶಪಾರಂಪರ್ಯದ ಒಡೆಯರಾದರು. ಕಲ್ಲಿನ ಭವ್ಯತೆಯನ್ನು ಕಂಡು ಆಡಳಿತದ ಸೌಖ್ಯವನ್ನು ಊಹಿಸುವುದು ಹೇತ್ವಾಭಾಸವೇ ಸರಿ. ತರ್ಕಶಾಸ್ತ್ರದ ಮೊದಲ ಪಾಠಗಳನ್ನು ಓದಿದ ಹುಡುಗನೂ ಅದನ್ನು ಒಪ್ಪನು.

ಆದರೂ ವಿಚಿತ್ರವೇನೆಂದರೆ, ಹಿಂದಿನ ಕಾಲಕ್ಕೆ ಸುಳ್ಳಾದ ಆ ಮಾತು ಅವನು ಹಾದುಹೋದ ಆ ಕಾಲಕ್ಕೆ ಬಹುಮಟ್ಟಿಗೆ ನಿಜವಾಗಿದ್ದಿತು. ಆಗ ತಸ್ಕನಿಯನ್ನು ಆಳುತ್ತಿದ್ದವನು ಪೀಟರ್ ಲಿಯೊಪೋಲ್ಡನು. ಗಯಟೆಯ ಗಾಡಿಯು ಆ ಊರನ್ನು ಬಿಟ್ಟು ಐದು ವಾರ ಕಳೆದ ಬಳಿಕ, 1786ರ ನವೆಂಬರ್ 30ರಂದು, ಈ ಪ್ರಭುವು ಮರಣದಂಡನೆಯನ್ನೂ ಚಿತ್ರಹಿಂಸೆಯನ್ನೂ ತನ್ನ ರಾಜ್ಯದಿಂದ ಕಿತ್ತುಹಾಕುವ ಶಾಸನವನ್ನು ಹೊರಡಿಸಿದನು. ತಸ್ಕನಿಯ ರಸ್ತೆಗಳೂ ಸೇತುವೆಗಳೂ ಗಟ್ಟಿಯಾಗಿ ಚೊಕ್ಕಟವಾಗಿ ಇರುವುದನ್ನು ಗಾಡಿಯಿಂದಲೇ ಕಂಡು, ಪೋಪರ ಸೀಮೆಯ ದುಃಸ್ಥಿತಿಯೊಡನೆ ಅದನ್ನು ಹೋಲಿಸಿ ಅವನು ಬರೆದ ಮಾತುಗಳು ತಾನು ಕಣ್ಣಾರೆ ಕಂಡುದನ್ನು ಹೇಳುವವನ ಮಾತುಗಳು. ಅವನು ಅಲ್ಲಿಗೆ ನಿಂತಿದ್ದರೆ ಕೃಶಾನುವಿಗೆ ಬಾಯಿರುತ್ತಿರಲಿಲ್ಲ.

ಇದಕ್ಕಿಂತ ದೊಡ್ಡ ದೋಷವು ಮೂರು ದಿನ ಮುಂದೆ, ಅಸ್ಸೀಸಿಯಲ್ಲಿ, ಕಾಣಬರುವುದು. ಸಂತ ಫ್ರಾನ್ಸಿಸನ ಸಮಾಧಿಯ ಮೇಲೆ ಒಂದರ ಮೇಲೊಂದಾಗಿ ಎತ್ತಿದ ದೇವಾಲಯಗಳನ್ನು ಅವನು ದೂರದಿಂದ ಕಂಡು, ಜುಗುಪ್ಸೆಯಿಂದ ಪಕ್ಕಕ್ಕೆ ಬಿಟ್ಟು, ಹುಡುಗನೊಬ್ಬನನ್ನು ದಾರಿ ಕೇಳಿ, ಮಿನರ್ವ ದೇವಿಯ ಹಳೆಯ ರೋಮನ್ ಗುಡಿಯ ಮುಂಭಾಗವನ್ನು ನೋಡಲು ಹೋದನು. ಆ ಗುಡಿಯ ವರ್ಣನೆಯು ಗ್ರಂಥದ ಅತ್ಯುತ್ತಮಭಾಗಗಳಲ್ಲಿ ಒಂದು. ಕಂಬಗಳ ಪೀಠಗಳನ್ನೂ ಮೆಟ್ಟಿಲುಗಳನ್ನೂ ವಾಸ್ತುಶಿಲ್ಪದ ವಿದ್ಯಾರ್ಥಿಯಂತೆ ಒಂದೊಂದಾಗಿ ವಿಚಾರಿಸಿರುವನು. ಆದರೆ ಫ್ಲಾರೆನ್ಸಿನಲ್ಲಿ ನಿಲ್ಲಲಾರೆನೆಂದು ಹೇಳಿದವನು ಇಲ್ಲಿ ನೋಡಲೊಲ್ಲೆನೆಂದು ಹೇಳುವನು. ಎರಡಕ್ಕೂ ಬಹಳ ಅಂತರ. ಮೊದಲನೆಯದರಲ್ಲಿ ತನ್ನ ಅಶಕ್ತಿಯ ಅರಿವಿದೆ. ಎರಡನೆಯದರಲ್ಲಿ ನೋಡುವುದಕ್ಕೆ ಮುಂಚೆಯೇ ತೀರ್ಪಾಗಿಹೋಗಿದೆ. ಅಷ್ಟು ದೊಡ್ಡ ಮನಸ್ಸಿನವನಿಗೆ ಅದು ತಕ್ಕುದಲ್ಲ. ಅದಕ್ಕೆ ಪ್ರಾಯಶ್ಚಿತ್ತವೂ ಅಂದೇ ಆಯಿತು: ಬೆಟ್ಟವನ್ನಿಳಿದು ಹೋಗುವಾಗ ಕೋವಿ ಹಿಡಿದ ಕಾವಲಿನವರು ಅವನನ್ನು ತಡೆದರು. ಅಸ್ಸೀಸಿಗೆ ಬಂದು ಸಂತನ ದೇವಾಲಯಕ್ಕೆ ಹೋಗದವನು ಕಳ್ಳಸಾಗಣೆಯವನೇ ಇರಬೇಕೆಂಬುದು ಅವರ ಸಂಶಯ! ಈ ಪ್ರಸಂಗವನ್ನು ಗಯಟೆಯು ಮುಚ್ಚಿಡದೆ ನಗುತ್ತ ಹೇಳಿರುವುದು ಅವನ ದೊಡ್ಡತನ.

ಫ್ಲಾರೆನ್ಸಿನ ಕಥೆಯು ಇಲ್ಲಿಗೆ ಮುಗಿಯಲಿಲ್ಲ. 1788ರ ಏಪ್ರಿಲ್ ಕಡೆಯಲ್ಲಿ ರೋಮನ್ನು ಕಣ್ಣೀರಿನೊಡನೆ ಬಿಟ್ಟು ಉತ್ತರಕ್ಕೆ ತಿರುಗಿದಾಗ ಕವಿಯು ಆ ನಗರದಲ್ಲಿ ಹಲವು ದಿನ ತಂಗಿದನು. ಈ ಸಲ ಅವಸರವಿರಲಿಲ್ಲ. ಮುಂದೆ ಕಾದಿದ್ದುದು ವೈಮಾರಿನ ಕಚೇರಿ ಮಾತ್ರ. ಚಿತ್ರಶಾಲೆಗಳನ್ನು ನೋಡಿದನು; ಹೆಚ್ಚು ಹೊತ್ತನ್ನು ಉದ್ಯಾನಗಳಲ್ಲಿ ಕಳೆದು, ‘ಟಾರ್ಕ್ವಾಟೊ ಟಾಸ್ಸೊ’ ಎಂಬ ತನ್ನ ನಾಟಕದ ಕೆಲವು ಭಾಗಗಳನ್ನು ಅಲ್ಲೇ ಬರೆದನು. ಆದರೆ ‘ಇಟಲಿಯ ಪ್ರವಾಸ’ವು ರೋಮನ್ನು ಅಗಲುವಲ್ಲಿಗೇ ನಿಂತುಹೋಗುವುದು, ಆ ಸಾವಕಾಶದ ದಿನಗಳ ಕಥೆಗೆ ಅದರಲ್ಲಿ ಅಧ್ಯಾಯವಿಲ್ಲ.

ನಾಟಕವು 1790ರಲ್ಲಿ ಅಚ್ಚಾಯಿತು. ಫೆರಾರದ ದೊರೆಯ ಆಶ್ರಯದಲ್ಲಿದ್ದ ಕವಿಯು ಅದರ ನಾಯಕ. ಅವನ ಮನಸ್ಸು ಕಲಕಿದ ಹೊತ್ತಿನಲ್ಲಿ ಲಿಯೊನೋರ ಎಂಬ ಕುಲೀನಳು ಅವನನ್ನು ತನ್ನೊಡನೆ ಫ್ಲಾರೆನ್ಸಿಗೆ ಬಾರೆಂದು ಕರೆಯುವಳು. ಅಲ್ಲಿಯ ಸುಖವನ್ನೂ ಸ್ನೇಹವನ್ನೂ ಆಸೆ ತೋರಿಸುವಳು. ಟಾಸ್ಸೊ ಅವಳ ಮಾತನ್ನು ಕೇಳಿಕೊಂಡು, ದೊರೆಯ ಬಳಿಗೆ ಆಂಟೋನಿಯೊ ಎಂಬ ಮಂತ್ರಿ ಹೋಗಿ ತನ್ನ ಪರವಾಗಿ ಅಪ್ಪಣೆಯನ್ನು ಬೇಡಬೇಕೆಂದು ಕೇಳುವನು. ಅಪ್ಪಣೆ ಬೇಕಾದುದು ಫ್ಲಾರೆನ್ಸಿಗಲ್ಲ, ರೋಮಿಗೆ.